ಬೃಂದಾವನಕ್ಕೆ ಹೊರಟ ಗಂಟು

ಬೃಂದಾವನಕ್ಕೆ ಹೋಗುವುದೆಂದು ನಮ್ಮ ಮನೆಯಲ್ಲಿ ತೀರ್ಮಾನವಾದದ್ದು ಅದು ಮೂರನೇ ಸಲ. ಮೊದಲನೇ ಸಲ ಹೊರಡುವ ಹಿಂದಿನ ದಿನ ನನಗೆ ದಡಾರ ಎದ್ದಿತು. ಎರಡನೇ ಸಲ ಅಪ್ಪನ ಕಾರ್ಖಾನೆಯಲ್ಲಿ ಎಲ್ಲರ ರಜೆ ರದ್ದಾಯಿತು. ಎರಡು ಸಲವೂ ದಾರಿಗೆಂದು ಅಮ್ಮ ಮಾಡಿಟ್ಟಿದ್ದ ಚಕ್ಕುಲಿ, ಹುರಿದ ಅವಲಕ್ಕಿಗಳನ್ನು ನಾವು ಮನೆಯ ನಡುಮನೆಯಲ್ಲೇ ಕೂತು ತಿಂದು ಮುಗಿಸಿದೆವು. ನಾನಂತೂ ಅಳುತ್ತಲೇ ತಿಂದೆ, ಆದರೆ ಬಿಡದೆ ತಿಂದೆ.

ಆದ್ದರಿಂದ ಮೂರನೇ ಸಲ ಅಪ್ಪ ಸುದ್ದಿ ತಂದಾಗ ಅಮ್ಮ ಒಲೆಯ ಮುಂದಿನಿಂದ ಏಳಲೂ ಇಲ್ಲ. ಈ ಸಲ ತಪ್ಪಿದರೆ ಇನ್ನು ಆ ಹೆಸರು ಎತ್ತಬೇಡಿ, ನನ್ನ ಹಣೆಯಲ್ಲಿ ಬರೆದಿಲ್ಲ ಅಂದುಕೊಂಡು ಸುಮ್ಮನಾಗುತ್ತೇನೆ ಎಂದಳು. ಕೋಪದಿಂದ ಹೇಳಿದ್ದರೆ ಅಪ್ಪ ನಕ್ಕು ಮರೆಯುತ್ತಿದ್ದರೇನೋ. ರೊಟ್ಟಿ ತಟ್ಟುತ್ತಾ ಮೆಲ್ಲಗೆ ಹೇಳಿದಳು. ಅವಳು ಮೆಲ್ಲಗೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ಯಾವತ್ತೂ ಕಂಡಿಲ್ಲ.

ಅಮ್ಮನ ಆಸೆ ನನಗೆ ಗೊತ್ತಿತ್ತು. ತವರಿಗೆ ಹೋಗುವ ಮಾಗಡಿ ರಸ್ತೆ, ಅಲ್ಲಿಂದ ವಾಪಸ್ಸು ಬರುವ ಅದೇ ಮಾಗಡಿ ರಸ್ತೆ, ಇವೆರಡು ಬಿಟ್ಟರೆ ಅವಳು ಬೇರೆ ದಾರಿ ಕಂಡಿರಲಿಲ್ಲ. ಯಾರೋ ಕನ್ನಂಬಾಡಿ ಕಟ್ಟೆ ನೋಡಿ ಬಂದವರು ಅವಳಿಗೆ ಹೇಳಿದ್ದರು: ಕಟ್ಟೆಯ ಕೆಳಗೆ ಕಾವೇರಿಯ ದಡದಲ್ಲಿ ದೊಡ್ಡ ತೋಟವಿದೆ, ಸಂಜೆಯಾದರೆ ಕಾರಂಜಿಗಳಿಗೆ ಬಣ್ಣಬಣ್ಣದ ದೀಪ ಹಾಕುತ್ತಾರೆ, ನೀರು ಕೆಂಪಾಗಿ, ಹಸಿರಾಗಿ, ಹಳದಿಯಾಗಿ ಏಳುತ್ತದೆ ಎಂದು. ನೀರಿಗೆ ಬಣ್ಣ ಹಾಕದೆ ಬಣ್ಣ ಬರುವುದು ಹೇಗೆ ಎಂದು ಅಮ್ಮ ಮೂರು ವರ್ಷದಿಂದ ಅಪ್ಪನನ್ನು ಕೇಳುತ್ತಿದ್ದಳು. ಅಪ್ಪ ಯಂತ್ರದ ಕೆಲಸದವರು, ಗಾಜು, ಬಲ್ಬು ಎಂದು ಏನೇನೋ ವಿವರಿಸುತ್ತಿದ್ದರು. ಅಮ್ಮ ಎಲ್ಲ ಕೇಳಿ, ಅದೆಲ್ಲ ಸರಿ, ಕಣ್ಣಾರೆ ನೋಡಬೇಕು ಎನ್ನುತ್ತಿದ್ದಳು.

ಅಪ್ಪನ ಜೊತೆಯ ಕೆಲಸಗಾರರು ಸೇರಿ ಒಂದು ಬಸ್ಸನ್ನೇ ಗೊತ್ತು ಮಾಡಿದ್ದರು. ಭಾನುವಾರ ಬೆಳಗಿನ ಜಾವ ಹೊರಡುವುದು, ದಾರಿಯಲ್ಲಿ ಶ್ರೀರಂಗಪಟ್ಟಣ, ಮಧ್ಯಾಹ್ನಕ್ಕೆ ಕಟ್ಟೆ, ಸಂಜೆಗೆ ದೀಪ. ದೀಪ ಹಾಕುವುದು ವಾರದಲ್ಲಿ ಎಲ್ಲ ದಿನವೂ ಅಲ್ಲ, ಭಾನುವಾರ ಮಾತ್ರ ಖಂಡಿತ ಎಂದು ಅಪ್ಪ ವಿಚಾರಿಸಿಕೊಂಡು ಬಂದಿದ್ದರು. ಆ ದಿನದಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶಾಲೆಯಲ್ಲಿ ಎಲ್ಲರಿಗೂ ಹೇಳಿದೆ. ನಲ್ಲಿಯ ಹತ್ತಿರ ನೀರಿಗೆ ನಿಂತವರಿಗೆ ಹೇಳಿದೆ. ಲಗ್ಗೆರೆಯಿಂದ ಸೊಪ್ಪು ತರುತ್ತಿದ್ದ ಮುದುಕಿಗೆ ಹೇಳಿದೆ. ಅವಳು ಬುಟ್ಟಿ ಇಳಿಸಿ, ಅಲ್ಲಿ ಸೊಪ್ಪು ಬೆಳೀತಾರಾ ಎಂದು ಕೇಳಿದಳು. ಬೆಳೆಯುವುದಿಲ್ಲ, ಬರೀ ಹೂವು ಎಂದಾಗ ಅವಳಿಗೆ ತೋಟದ ಮೇಲಿದ್ದ ಗೌರವವೆಲ್ಲ ಹೋಯಿತು.

ಕಷ್ಟ ಬಂದದ್ದು ಅಜ್ಜಿಯಿಂದ. ಅಪ್ಪನ ತಾಯಿ ನಮ್ಮ ಜೊತೆಗೇ ಇದ್ದರು. ತೋಟ ಸುತ್ತುವುದು ಕೆಲಸವಿಲ್ಲದವರ ಕೆಲಸ, ನಾನು ಬರುವುದಿಲ್ಲ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಅದು ಅಡ್ಡಿಯಲ್ಲ. ಆದರೆ ಭಾನುವಾರ ಎಂದ ಕೂಡಲೇ ಗೂಡಿನಿಂದ ಪಂಚಾಂಗ ಇಳಿಯಿತು. ಭಾನುವಾರ ಪಶ್ಚಿಮಕ್ಕೆ ಶೂಲೆ. ಆ ದಿನ ಆ ದಿಕ್ಕಿಗೆ ಹೊರಟವರಿಗೆ ಕೇಡು ತಪ್ಪಿದ್ದಲ್ಲ. ಮೈಸೂರು ಇರುವುದು ದಕ್ಷಿಣಕ್ಕೆ ಎಂದು ಅಪ್ಪ ವಾದಿಸಿದರು. ಹಾಗಾದರೆ ಮೈಸೂರು ರಸ್ತೆ ನಾಯಂಡಹಳ್ಳಿ ದಾಟಿದ ಮೇಲೆ ಸೂರ್ಯ ಮುಳುಗುವ ಕಡೆಗೇ ಯಾಕೆ ಹೋಗುತ್ತದೆ ಎಂದು ಅಜ್ಜಿ ಕೇಳಿದರು. ಅಪ್ಪ ನನ್ನ ಶಾಲೆಯ ಭೂಪಟ ತರಿಸಿ, ಅಳತೆಪಟ್ಟಿ ಇಟ್ಟು ನೋಡಿ, ಮೈಸೂರು ನೈಋತ್ಯದಲ್ಲಿದೆ, ಪೂರ್ತಿ ಪಶ್ಚಿಮವೇನಲ್ಲ ಎಂದರು. ಅಂದರೆ ಅರ್ಧ ಪಶ್ಚಿಮ ತಾನೆ, ಕೇಡಿಗೆ ಅರ್ಧ ಸಾಲದೇ ಎಂದು ಅಜ್ಜಿ ಪಂಚಾಂಗ ಮುಚ್ಚಿದರು.

ಆಮೇಲೆ ದಾರಿ ತೋರಿಸಿದ್ದೂ ಅಜ್ಜಿಯೇ. ಒಳ್ಳೆಯ ದಿನ ನೋಡಿ ಮೊದಲೇ ಗಂಟು ಹೊರಡಿಸಿಬಿಟ್ಟರೆ ಆಯಿತು ಎಂದರು. ಪಂಚಾಂಗದಲ್ಲಿ ಇದಕ್ಕೆ ಪ್ರಸ್ಥಾನ ಎಂಬ ದೊಡ್ಡ ಹೆಸರಿದೆ. ಪ್ರಯಾಣದ ದಿನ ಕೆಟ್ಟದ್ದಾದರೆ, ಹೊರಡುವವರು ದಾರಿಯಲ್ಲಿ ಉಡುವ ಬಟ್ಟೆಯನ್ನು ಅಕ್ಕಿ, ಅಡಿಕೆ, ಅರಿಶಿನದ ಕೊಂಬಿನ ಜೊತೆ ಗಂಟು ಕಟ್ಟಿ, ಒಳ್ಳೆಯ ದಿನದಲ್ಲಿ ಹೋಗಬೇಕಾದ ದಿಕ್ಕಿನ ಯಾವುದಾದರೂ ಮನೆಯಲ್ಲಿ ಇಟ್ಟು ಬರುವುದು. ಆಗ ಪ್ರಯಾಣ ಅವತ್ತೇ ಶುರುವಾದಂತೆ. ಮುಂದೆ ಹೊರಡುವುದು ಯಾವ ದಿನವಾದರೂ ದೋಷವಿಲ್ಲ. ಒಂದೇ ನಿಯಮ, ಹೊರಡುವ ತನಕ ಗಂಟನ್ನು ಯಾರೂ ಬಿಚ್ಚಬಾರದು. ಬಿಚ್ಚಿದರೆ ಆ ಪ್ರಯಾಣ ಅಲ್ಲಿಗೇ ಮುಗಿಯಿತು. ಇಷ್ಟು ಸುಲಭದಲ್ಲಿ ಗ್ರಹಗಳಿಗೆ ಟೋಪಿ ಹಾಕಬಹುದು ಎಂದು ಗೊತ್ತಾಗಿ ನನಗೆ ಬಹಳ ಖುಷಿಯಾಯಿತು.

ಗಂಟು ಮನೆಯ ಗೃಹಿಣಿಯ ಹೆಸರಿನಲ್ಲಿ ಹೊರಡಬೇಕು ಎಂದು ಅಜ್ಜಿ ಹೇಳಿದ್ದರಿಂದ ಅದರಲ್ಲಿ ಅಮ್ಮನ ಸೀರೆ ಇಡಬೇಕಾಯಿತು. ಅಮ್ಮನ ಬಳಿ ಒಂದು ಗಿಳಿಹಸಿರು ಸೀರೆ ಇತ್ತು, ಕೆಂಪು ಅಂಚಿನದು. ಹಿಂದಿನ ಗೌರಿಹಬ್ಬಕ್ಕೆ ಅವಳ ಅಣ್ಣ ಕೊಟ್ಟದ್ದು. ಬೃಂದಾವನಕ್ಕೇ ಉಡುತ್ತೇನೆ ಎಂದು ಮಡಿಕೆ ಮುರಿಯದೆ ಇಟ್ಟುಕೊಂಡಿದ್ದಳು. ಅದನ್ನೂ ಅದಕ್ಕೆ ಹೊಂದುವ ರವಿಕೆ ಕಣವನ್ನೂ ಒಂದು ಬಿಳಿಯ ವಸ್ತ್ರದಲ್ಲಿಟ್ಟು, ಮೂರು ಹಿಡಿ ಅಕ್ಕಿ, ಕೊಬ್ಬರಿ ಗಿಟುಕು, ಅಡಿಕೆ, ಅರಿಶಿನದ ಕೊಂಬು, ಬೆಲ್ಲದ ಅಚ್ಚು ಸೇರಿಸಿ ಅಜ್ಜಿಯೇ ಗಂಟು ಹಾಕಿದರು. ಕಣಕ್ಕೆ ಇನ್ನೂ ಕತ್ತರಿ ಹಾಕಿರಲಿಲ್ಲ; ಹಳೆಯ ಕೆಂಪು ರವಿಕೆಯೇ ಸಾಕು, ಕಣ ಜೊತೆಗಿರಲಿ ಎಂದು ಅಮ್ಮ ಹೇಳಿದ್ದಳು.

ನಮ್ಮದು ರಾಜಾಜಿನಗರದ ಹೊಸ ಸಾಲುಮನೆಗಳಲ್ಲಿ ಕೊನೆಯದಕ್ಕಿಂತ ಹಿಂದಿನ ಮನೆ. ಪಶ್ಚಿಮಕ್ಕೆ ಇದ್ದದ್ದು ಇನ್ನೊಂದೇ ಮನೆ, ಅದರಾಚೆ ರಾಗಿಹೊಲ. ಗಂಟನ್ನು ರಾಗಿಹೊಲದಲ್ಲಿ ಇಡುವಂತಿಲ್ಲವಾದ್ದರಿಂದ ಆ ಮನೆಯೇ ಗತಿ. ಅಲ್ಲಿ ಹುಬ್ಬಳ್ಳಿ ಕಡೆಯ ಗಂಡಹೆಂಡತಿ ಇದ್ದರು. ಕನ್ನಡದ ಸೀಮೆಗಳೆಲ್ಲ ಒಂದೇ ರಾಜ್ಯವಾದ ಮೇಲೆ ಆತನಿಗೆ ಇಲ್ಲಿನ ಕಚೇರಿಗೆ ವರ್ಗವಾಗಿತ್ತು. ಆಕೆಯನ್ನು ನಾನು ಹುಬ್ಬಳ್ಳಿಯಕ್ಕ ಎನ್ನುತ್ತಿದ್ದೆ. ಮದುವೆಯಾಗಿ ಎಂಟು ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಆಕೆಯ ಮಾತು ನಮ್ಮ ಬೀದಿಯಲ್ಲಿ ಅರ್ಧ ಜನಕ್ಕೆ ಅರ್ಥವಾಗುತ್ತಿರಲಿಲ್ಲ, ಉಳಿದರ್ಧ ಜನ ನಗುತ್ತಿದ್ದರು. ಹಾಗಾಗಿ ಆಕೆ ಬಾಗಿಲು ದಾಟುವುದೇ ಕಡಿಮೆ. ನಾನೂ ನಗುವವರಲ್ಲೇ ಇದ್ದೆ ಎನ್ನಲು ಈಗ ನಾಚಿಕೆಯಾಗುತ್ತದೆ.

ಬುಧವಾರ ಬೆಳಿಗ್ಗೆ ಅಜ್ಜಿ ಹೇಳಿದ ಹೊತ್ತಿಗೆ ಗಂಟನ್ನು ನನ್ನ ಕೈಗೆ ಕೊಟ್ಟರು. ಅಮ್ಮ ಹೇಳಬೇಕಾದ ಮಾತನ್ನು ಎರಡು ಸಲ ಹೇಳಿಕೊಟ್ಟಳು. ನಾವು ಭಾನುವಾರ ಊರಿಗೆ ಹೋಗುತ್ತಿದ್ದೇವೆ, ಅಲ್ಲಿಯವರೆಗೆ ಇದು ನಿಮ್ಮ ಮನೆಯಲ್ಲಿರಲಿ, ಬಿಚ್ಚಬೇಡಿ, ಭಾನುವಾರ ಬಂದು ತೆಗೆದುಕೊಳ್ಳುತ್ತೇವೆ ಎಂದು. ನಾನು ತಲೆ ಆಡಿಸಿದೆ. ಆದರೆ ದಾರಿಯಲ್ಲಿ ಇಬ್ಬರು ಹೆಂಗಸರು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟುಗಳನ್ನು ಹಂಚಿಕೊಳ್ಳುತ್ತಿದ್ದದ್ದು ಕಿವಿಗೆ ಬಿತ್ತು. ನನ್ನ ಕಿಟಕಿ ಹೋಯಿತು ಎಂದು ನನಗೆ ಪ್ರಾಣಸಂಕಟವಾಯಿತು. ಓಡಿ ಹೋಗಿ ಹುಬ್ಬಳ್ಳಿಯಕ್ಕನ ಕೈಯಲ್ಲಿ ಗಂಟು ಇಟ್ಟು, "ಅಮ್ಮ ಕೊಟ್ರು, ಇಟ್ಕೊಳ್ಳಿ" ಎಂದಷ್ಟೇ ಹೇಳಿ ಓಡಿ ಬಂದೆ. ಹೇಳಿದೆಯಾ ಎಂದು ಅಮ್ಮ ಕೇಳಿದಾಗ ಹೇಳಿದೆ ಎಂದೆ. ಸುಳ್ಳು ಎಂದು ಅನಿಸಲೂ ಇಲ್ಲ.

ಮುಂದಿನ ಮೂರು ದಿನ ಮನೆಯಲ್ಲಿ ಹಬ್ಬದ ಗಡಿಬಿಡಿ. ಅಮ್ಮ ಪುಳಿಯೋಗರೆ ಗೊಜ್ಜು ಕುದಿಸಿದಳು, ಅದರ ಘಾಟಿಗೆ ಬೀದಿಯವರೆಲ್ಲ ಕೆಮ್ಮಿದರು. ಮತ್ತೆ ಚಕ್ಕುಲಿ, ಮತ್ತೆ ಅವಲಕ್ಕಿ. ಅಪ್ಪ ನೀರಿನ ಕೂಜಾಕ್ಕೆ ತಾವೇ ಒಂದು ತಂತಿಯ ಹಿಡಿ ಮಾಡಿದರು. ಅಮ್ಮ ಕೆಲಸ ಮಾಡುತ್ತಲೇ ಹಾಡಿಕೊಳ್ಳುತ್ತಿದ್ದಳು. ಅವಳಿಗೆ ಹಾಡು ಬರುತ್ತದೆ ಎಂದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಣ್ಣದ ನೀರು ಮೈಮೇಲೆ ಸಿಡಿದರೆ ಸೀರೆಗೆ ಕಲೆಯಾಗುವುದಿಲ್ಲ ತಾನೆ ಎಂದು ಅಪ್ಪನನ್ನು ಶುಕ್ರವಾರ ಇನ್ನೊಂದು ಸಲ ಕೇಳಿದಳು. ಕೇಳಿ ತಾನೇ ನಕ್ಕಳು.

ಶನಿವಾರ ಮಧ್ಯಾಹ್ನ ಅಪ್ಪ ಕೆಲಸದಿಂದ ಬಂದು ಊಟಕ್ಕೆ ಕೂತಿದ್ದರು. ಬಾಗಿಲಲ್ಲಿ ಬಳೆಯ ಸದ್ದಾಯಿತು. ನೋಡಿದರೆ ಹುಬ್ಬಳ್ಳಿಯಕ್ಕ. ಅಮ್ಮನ ಗಿಳಿಹಸಿರು ಸೀರೆ ಉಟ್ಟಿದ್ದರು. ರವಿಕೆ ಕಣ ರವಿಕೆಯೇ ಆಗಿತ್ತು. ತಲೆ ತುಂಬ ಹೂ, ಕೈ ತುಂಬ ಹಸಿರು ಬಳೆ.

ಅಮ್ಮ ಸೌಟು ಹಿಡಿದವಳು ಹಾಗೇ ನಿಂತಳು. ಆಕೆ ನೇರವಾಗಿ ಬಂದು ಅಮ್ಮನ ಕಾಲು ಮುಟ್ಟಿ, ಎದ್ದು, ಕಣ್ಣು ಒರೆಸಿಕೊಂಡು ಹೇಳಿದರು: "ನಮ್ಮವ್ವ ಹ್ವಾದ ಮ್ಯಾಲ ನನಗ ತವರ ಇಲ್ರಿ. ಕಳ್ಳ ಕುಬಸ ಯಾರ ಮಾಡ್ತಾರ ಅಂತ ಅಳಕೋತ ಕುಂತಿದ್ನಿ. ಮೂರ ತಿಂಗಳಂತ ನಮ್ಮ ಮನಿಯವರಿಗೂ ಮೊನ್ನಿ ಹೇಳೀನ್ರಿ. ನಿಮಗ ಹೆಂಗ ತಿಳೀತ್ರಿ?"

ಕಳ್ಳ ಕುಬಸ ಎಂದರೇನೆಂದು ಆಕೆಯ ಮಾತಿನಿಂದಲೇ ನಮಗೆ ತಿಳಿಯಿತು. ಅವರ ಕಡೆ ಚೊಚ್ಚಲ ಬಸುರಿಗೆ ಮೂರು ತಿಂಗಳಾದಾಗ, ಸುದ್ದಿ ಹೊರಗೆ ಬೀಳುವ ಮುಂಚೆ, ತವರಿನವರು ಗುಟ್ಟಾಗಿ ಹಸಿರು ಸೀರೆ, ಕುಬಸಕ್ಕೆ ಕಣ, ಮಡಿಲಿಗೆ ಹಾಕುವ ಉಡಿಯಕ್ಕಿ ತಂದು ಕೊಡುತ್ತಾರೆ. ನಮ್ಮ ಕಡೆಯ ಮಡಿಲು ತುಂಬುವುದರ ಹಾಗೆ, ಆದರೆ ಸದ್ದಿಲ್ಲದೆ. ಹಸಿರು ಸೀರೆ, ಕಣ, ಅಕ್ಕಿ, ಕೊಬ್ಬರಿ, ಅರಿಶಿನ, ಬೆಲ್ಲ, ಒಂದೂ ತಪ್ಪಿರಲಿಲ್ಲ. ಗುಟ್ಟಿಗೆ ಸರಿಯಾಗಿ ತಂದ ಹುಡುಗಿ ಯಾಕೆ ಏನು ಎಂದು ಹೇಳದೆ ಓಡಿ ಹೋಗಿದ್ದಳು. ಉಡಿಯಕ್ಕಿ ಹೊರಗೆ ಕೊಡಬಾರದಂತೆ. ಹುಗ್ಗಿ ಮಾಡಿ ತಾವಿಬ್ಬರೇ ತಿಂದೆವು, ಬೇಸರ ಮಾಡಿಕೊಳ್ಳಬೇಡಿ ಎಂದು ಆಕೆ ಕ್ಷಮೆ ಬೇರೆ ಕೇಳಿದರು.

ಅಪ್ಪ ಕಲಸಿದ ತುತ್ತನ್ನು ಕೈಯಲ್ಲೇ ಹಿಡಿದು ಅಮ್ಮನ ಮುಖ ನೋಡಿದರು. ನಾನು ಬಾಯಿ ತೆರೆಯುವುದರಲ್ಲಿದ್ದೆ. ಅಮ್ಮ ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಆಕೆಯ ಗಲ್ಲ ಹಿಡಿದು, "ಮುಖ ನೋಡಿದ್ರೆ ಗೊತ್ತಾಗಲ್ವೇನಮ್ಮ" ಎಂದಳು.

ಅಜ್ಜಿ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಈಗ ಹೇಳಿಬಿಡುತ್ತಾರೆ ಎಂದು ನಾನು ಅಪ್ಪನ ಬೆನ್ನ ಹಿಂದೆ ಸರಿದೆ. ಅವರು ಹೊರಗೆ ಬಂದು ಹುಬ್ಬಳ್ಳಿಯಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಾವಿಗೆ ಬಗ್ಗಬೇಡ, ಭಾರ ಎತ್ತಬೇಡ, ಹುಳಿ ಬೇಕೆನಿಸಿದರೆ ನಮ್ಮ ಮನೆಗೆ ಬಾ ಎಂದರು. ಅಮ್ಮ ಅರಿಶಿನ ಕುಂಕುಮ ಕೊಟ್ಟು, ದಾರಿಗೆ ಮಾಡಿದ್ದ ಪುಳಿಯೋಗರೆ ಗೊಜ್ಜಿನಲ್ಲಿ ಒಂದು ಬಟ್ಟಲು ತುಂಬಿಸಿ ಕಳಿಸಿದಳು. ಆಕೆ ಸೀರೆಯ ನೆರಿಗೆ ಹಿಡಿದುಕೊಂಡು, ಯಾರಿಗೂ ಕಾಣದ ಹಾಗೆ ಸರಸರನೆ ಮನೆಗೆ ಹೋದರು.

ಆಮೇಲೆ ನಾನು ಅತ್ತೆ. ಕಿಟಕಿ ಸೀಟು, ಓಡಿದ್ದು, ಎಲ್ಲ ಬಾಯಿಬಿಟ್ಟೆ. ಹೊಡೆಯಲಿ ಎಂದೇ ಬೆನ್ನು ಕೊಟ್ಟು ನಿಂತೆ. ಅಮ್ಮ ಹೊಡೆಯಲಿಲ್ಲ. ಈ ಮಾತು ಆಚೆ ಮನೆಗೆ ಯಾವತ್ತೂ ಹೋಗಕೂಡದು ಎಂದು ಮೂವರಿಗೂ ಹೇಳಿ ಪಾತ್ರೆ ತೊಳೆಯಲು ಕೂತಳು. ಅಂದು ಅವಳು ಹಾಡಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಹೇಳಿದರು, ಮಗ ಮೊಮ್ಮಗಳು ಬೇಕಾದರೆ ಹೋಗಲಿ, ಗಂಟು ಹೊರಟದ್ದು ಇವಳ ಹೆಸರಿನಲ್ಲಿ, ಬಿಚ್ಚಿದ್ದೂ ಇವಳದೇ, ಇವಳು ಹೊರಡುವಂತಿಲ್ಲ. ಅಪ್ಪ ಏನೋ ಹೇಳಲು ಹೋದರು, ಅಜ್ಜಿ ಕೈ ಅಡ್ಡ ಮಾಡಿದರು. ಅಮ್ಮ ಬತ್ತಿ ಸರಿಮಾಡುತ್ತಿದ್ದಳು. ತಿರುಗಿ ನೋಡದೆ, "ನಾನು ಹೋಗ್ತೀನಿ" ಎಂದಳು.

ನಮ್ಮ ಮನೆಯಲ್ಲಿ ಮೂಲೆಯ ಅಂಗಡಿಗೆ ಹೋಗುವವರೂ ಬರ್ತೀನಿ ಎಂದೇ ಹೇಳಬೇಕು. ಹೋಗ್ತೀನಿ ಎಂದರೆ ವಾಪಸ್ಸು ಬರುವುದಿಲ್ಲ ಎಂದ ಹಾಗೆ. ಅಮ್ಮನೇ ಆ ಮಾತಿಗೆ ನನ್ನ ಕಿವಿ ಹಿಂಡಿದ್ದಳು. ಈಗ ಅವಳೇ ದೀಪದ ಮುಂದೆ ನಿಂತು ಹಾಗೆಂದಳು. ಅಜ್ಜಿ ಬೈಯುತ್ತಾರೆ ಎಂದುಕೊಂಡೆ. ಅವರು ಗೋಡೆಗೆ ಒರಗಿ ಕೂತುಬಿಟ್ಟರು. "ನಿನ್ನ ಮಾವನೋರೂ ಹಿಂಗೇ ಅಂದ್ರು ಕಣೇ. ಭಾನುವಾರಾನೇ. ನಗ್ತಾ ಗಾಡಿ ಕಟ್ಕೊಂಡು ಸಂತೆಗೆ ಹೋದ್ರು" ಎಂದರು. ತಾತ ಹಳ್ಳ ದಾಟುವಾಗ ಗಾಡಿ ಮಗುಚಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ಅದು ಭಾನುವಾರ ಎಂದು ಅಪ್ಪನಿಗೂ ಗೊತ್ತಿರಲಿಲ್ಲ. ಅಷ್ಟು ದಿನ ನಾನು ಅಜ್ಜಿಯ ಪಂಚಾಂಗವನ್ನು ಹಟ ಎಂದುಕೊಂಡಿದ್ದೆ. ಅದು ಹೆದರಿಕೆ ಎಂದು ಆಗ ತಿಳಿಯಿತು, ನನಗೂ ಹೆದರಿಕೆಯಾಯಿತು.

ಆದರೂ ಅಮ್ಮ ಮಾತು ಬದಲಿಸಲಿಲ್ಲ. ಅಜ್ಜಿಯ ಪಕ್ಕದಲ್ಲಿ ಬಹಳ ಹೊತ್ತು ಕೂತಿದ್ದಳು, ಅಷ್ಟೇ. ನಾನು ಇಬ್ಬರನ್ನೂ ನೋಡುತ್ತಾ ನಿದ್ದೆಹೋದೆ.

ಭಾನುವಾರ ಬೆಳಗಿನ ಜಾವ ಅಮ್ಮ ನನ್ನನ್ನು ಎಬ್ಬಿಸಿದಾಗ ಸ್ನಾನ ಮಾಡಿ, ದಿನವೂ ಉಡುವ ನೀಲಿ ಸೀರೆ ಉಟ್ಟಿದ್ದಳು. ಮೊಣಕಾಲ ಹತ್ತಿರ ಹೊಲಿಗೆ ಹಾಕಿದ್ದು ಕಾಣದಂತೆ ನೆರಿಗೆ ಹಿಡಿದಿದ್ದಳು. ಅಜ್ಜಿ ಮನೆಯಲ್ಲಿರಲಿಲ್ಲ. ಕೋಪ ಮಾಡಿಕೊಂಡು ಎಲ್ಲಿಗೋ ಹೋಗಿದ್ದಾರೆ ಎಂದು ಅಪ್ಪ ಗಾಬರಿಯಾದರು. ಬೀಗ ಹಾಕುವುದೋ ಬೇಡವೋ ಎಂದು ಒದ್ದಾಡುತ್ತಿರುವಾಗಲೇ ಮೂಲೆಯಲ್ಲಿ ಬಸ್ಸು ಹಾರನ್ ಹೊಡೆಯಿತು. ಓಡಿ ಹೋಗಿ ನೋಡಿದರೆ ಬಸ್ಸಿನ ಒಳಗೆ, ಮೂರನೇ ಸಾಲಿನಲ್ಲಿ, ಚೊಂಬು, ಅವಲಕ್ಕಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಅಜ್ಜಿ ಕೂತಿದ್ದರು. ಸೀಟಿನವರು ಜಗಳ ತೆಗೆದಿದ್ದರು, ಅಜ್ಜಿ ಕೇಳಿಸದವರ ಹಾಗೆ ಕೂತಿದ್ದರು. ನೀವು ಬರೋದಿಲ್ಲ ಅಂದಿದ್ರಲ್ಲ ಎಂದು ಅಪ್ಪ ಕೇಳಿದರು.

"ಆಗೋದಿದ್ರೆ ನನಗೂ ಆಗ್ಲಿ. ಒಬ್ಬಳನ್ನೇ ಕಳಿಸಲ್ಲ ನಾನು" ಎಂದು ಅಜ್ಜಿ ಹೇಳಿ, ಅಮ್ಮನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡು, ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದರು.

ಬಸ್ಸು ಹೊರಟಿತು. ನನಗೆ ಕಿಟಕಿ ಸಿಗಲಿಲ್ಲ, ಅಪ್ಪನ ತೊಡೆ ಸಿಕ್ಕಿತು, ಅಲ್ಲಿಂದಲೇ ಎಲ್ಲವನ್ನೂ ಕೂಗಿ ಹೇಳಿದೆ. ನಾಯಂಡಹಳ್ಳಿ ಬಂತು. ಕೆಂಗೇರಿ ಬಂತು, ಬೆಳಕಾಯಿತು. ಬಿಡದಿ, ರಾಮನಗರದ ಬಂಡೆಗಳು, ಚನ್ನಪಟ್ಟಣ. ಮಂಡ್ಯದಲ್ಲಿ ಕಬ್ಬಿನ ಗದ್ದೆಗಳನ್ನು ನೋಡಿ ಅಮ್ಮ ಎದ್ದು ನಿಲ್ಲಲು ಹೋದಳು. ಅಜ್ಜಿ ಕೈ ಬಿಡಲಿಲ್ಲವಾದ್ದರಿಂದ ಅರ್ಧ ಎದ್ದು ಹಾಗೇ ಕೂತಳು. ಪ್ರತಿ ಸೇತುವೆ ಬಂದಾಗಲೂ ಅಜ್ಜಿ ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದರು, ದಾಟಿದ ಮೇಲೆ ಕಣ್ಣು ತೆರೆದು ಮೊದಲು ಅಮ್ಮನನ್ನು ನೋಡುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ಕಾವೇರಿ ಕಂಡಾಗ ಇಡೀ ಬಸ್ಸು ಕೂಗಿತು. ಅಮ್ಮ ಕೂಗಲಿಲ್ಲ, ನಗುತ್ತಾ ಕಣ್ಣು ಒರೆಸಿಕೊಂಡಳು, ಅದೂ ಒಂದೇ ಕೈಯಲ್ಲಿ.

ಸಂಜೆ ತೋಟದ ಮೆಟ್ಟಿಲುಗಳ ಹತ್ತಿರ ಜನ ಕಿಕ್ಕಿರಿದಿದ್ದರು. ಕತ್ತಲಾಗುತ್ತಿತ್ತು. ಎಲ್ಲರೂ ಒಂದೇ ಕಡೆ ಮುಖ ಮಾಡಿ ಕಾಯುತ್ತಿದ್ದರು. ಇದ್ದಕ್ಕಿದ್ದಂತೆ ನೀರು ಕೆಂಪಾಗಿ ಮೇಲೆದ್ದಿತು. ಆಮೇಲೆ ಹಸಿರಾಯಿತು. ಸುತ್ತ ನಿಂತವರೆಲ್ಲ ಓ ಎಂದರು. ಅಮ್ಮ ಬಾಯಿ ತೆರೆದುಕೊಂಡು, ರೆಪ್ಪೆ ಬಡಿಯದೆ ನಿಂತಿದ್ದಳು. ಮಾಸಿದ ನೀಲಿ ಸೀರೆಯ ಮೇಲೂ ಅವಳ ಮುಖದ ಮೇಲೂ ಬಣ್ಣಗಳು ಒಂದೊಂದಾಗಿ ಬಂದು ಹೋಗುತ್ತಿದ್ದವು. ಅವಳ ಮಣಿಕಟ್ಟು ಇನ್ನೂ ಅಜ್ಜಿಯ ಕೈಯಲ್ಲೇ ಇತ್ತು. ಅಜ್ಜಿ ಕಾರಂಜಿಗೆ ಬೆನ್ನು ಕೊಟ್ಟು, ಅಮ್ಮನ ಮುಖವನ್ನೇ ನೋಡುತ್ತಾ ನಿಂತಿದ್ದರು.

ಅಪ್ಪ ಅಜ್ಜಿಯ ಭುಜ ಮುಟ್ಟಿ, ಇಷ್ಟು ದೂರ ಬಂದು ಆ ಕಡೆ ತಿರುಗಿ ನೋಡಬಾರದೇ ಎಂದರು.

"ನೋಡ್ತಾನೇ ಇದೀನಿ, ಸುಮ್ನಿರೋ" ಎಂದರು ಅಜ್ಜಿ.